ಕೇಳಿದ್ದಕ್ಕೆ ಮಾತ್ರ ಉತ್ತರ

ಕುರ್ಚಿ ಒಳ್ಳೆಯದೇ ಇತ್ತು. ಮಾರ್ಟಿನ್‌ನನ್ನು ಒಳಗೊಳಗೇ ಕುದಿಸುತ್ತಿದ್ದುದು ಅದೇ. ಕಾಲು ಮುರಿದದ್ದೋ ಸೀಟು ಹರಿದದ್ದೋ ಕೊಟ್ಟಿದ್ದರೆ ಎತ್ತಿ ತೋರಿಸಿ ಜಗಳ ಆಡಬಹುದಿತ್ತು. ಇದು ಆಫೀಸಿನವರು ಕೂರುವಂಥ ಮೆತ್ತನೆಯ ಕುರ್ಚಿ. ಆಫೀಸಿಗೂ ಮೆಷಿನ್ ಶಾಪಿಗೂ ನಡುವಿನ ಓಣಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ ಹಾಕಿದ್ದರು. ಅವನನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಎಂದು ಕೋರ್ಟು ಹೇಳಿತ್ತು, ತೆಗೆದುಕೊಂಡಿದ್ದರು. ಸಂಬಳ ಕೊಡಿ ಎಂದಿತ್ತು, ಕೊಡುತ್ತಿದ್ದರು. ಕೆಲಸಕ್ಕೆ ತೆಗೆದುಕೊಂಡವನಿಗೆ ಕೆಲಸ ಕೊಡದೆಯೂ ಇರಬಹುದು ಎನ್ನುವುದು ಮಾತ್ರ ಜಡ್ಜು ಸಾಹೇಬರ ತಲೆಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಬಂದು ಕೂರಬೇಕು, ಸಂಜೆ ಸೈರನ್ ಕೂಗಿದಾಗ ಏಳಬೇಕು. ಮೊದಮೊದಲು ನೀರು ಕುಡಿಯಲು ಬಂದವರು ನಕ್ಕು, ಎರಡು ಮಾತಾಡಿ ಹೋಗುತ್ತಿದ್ದರು. ಹಾಗೆ ಮಾತಾಡಿದ ಇಬ್ಬರ ಪಾಳಿ ಬದಲಾಯಿತು. ಆಮೇಲೆ ಎಲ್ಲರೂ ಗೋಡೆಗೆ ಮುಖ ಮಾಡಿ ನೀರು ಕುಡಿಯುವುದನ್ನು ಕಲಿತರು. ಗಟಗಟ ಕುಡಿಯುವ ಬೆನ್ನುಗಳು. ಬೆವರು ಹಿಡಿದ ಖಾಕಿ ಅಂಗಿಗಳು. ಆ ಬೆವರನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಎದುರಿನ ಜಾಲರಿಯಾಚೆ ಅವನ ಲೇತ್ ಕಾಣುತ್ತಿತ್ತು. ಪಂಪಿನ ಶಾಫ್ಟುಗಳನ್ನು ಕಡೆಯುವ ಯಂತ್ರ. ಬೇರೆಯವರಿಗೆ ಕೊಟ್ಟಿದ್ದರೆ ಕೊಟ್ಟರು ಎಂದಾದರೂ ಅಂದುಕೊಳ್ಳಬಹುದಿತ್ತು. ಹಳದಿ ಟಾರ್ಪಾಲು ಹೊದಿಸಿ ಸುಮ್ಮನೆ ಬಿಟ್ಟಿದ್ದರು. ಅವನಿಗೆ ಕಾಣುವ ಹಾಗೆ. ಬಸ್ಸಿನಲ್ಲಿ ಸಿಕ್ಕವರು, ಪುಣ್ಯವಂತರು ಬುಡಿ ನೀವು, ಕೂತ್ಕೊಂಡೇ ಸಂಬಳ ಎನ್ನುತ್ತಿದ್ದರು. ಯೂನಿಯನ್ನಿನವರು ಗೇಟಿನ ಮುಂದೆ ಹಾರ ಹಾಕಿ ಇದು ಕಾರ್ಮಿಕ ವರ್ಗದ ಗೆಲುವು ಎಂದು ಕೂಗಿ ಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಗುರುಗಳು ಅವನ ಹೆಸರು ಹೇಳಿ ದೇವರಿಗೆ ಕೃತಜ್ಞತೆ ಸಲ್ಲಿಸಿದ್ದರು. ನಜರ್‌ಬಾದಿನ ಬೀದಿಯಲ್ಲಿ ಜನ ಕೈ ಕುಲುಕಿದ್ದರು. ಹೆಂಡತಿ ಸೋಫಿಯಾಳಿಗೆ ಮಾತ್ರ ಒಂದು ರಾತ್ರಿ ಊಟಕ್ಕೆ ಕೂತಾಗ ನಿಜ ಹೇಳಿದ್ದ. ಅವಳು ಸಾರು ಬಡಿಸುತ್ತಾ, "ಕೂರ್ಸಿದ್ರೆ ಕೂತ್ಕೊಳ್ರಿ. ಕೇಸು ಮುಗಿಯೋವರೆಗೂ ಅಷ್ಟು ವರ್ಷ ಸ್ಕೂಲ್ ವ್ಯಾನ್ ಓಡಿಸ್ಕೊಂಡು ಕಂಡವರ ಮಕ್ಕಳ ವಾಂತಿ ತೊಳೆದಿದ್ದೀರ. ಈಗ ಕೂತ್ಕೊಳ್ಳೋದು ಕಷ್ಟಾನಾ?" ಅಂದಿದ್ದಳು. ತಟ್ಟೆ ಎತ್ತಿ ಗೋಡೆಗೆ ಒಗೆಯಬೇಕು ಅನ್ನಿಸಿತ್ತು. ಒಗೆಯದೆ, ಉಪ್ಪು ಕಡಿಮೆಯಾಗಿದೆ ಎಂದು ಮಾತ್ರ ಹೇಳಿ ಎದ್ದಿದ್ದ.

ಅವನನ್ನು ತೆಗೆದುಹಾಕಿದ್ದು, ಆಗಿನ ಸೂಪರ್‌ವೈಸರನ ಕೆನ್ನೆಗೆ ಹೊಡೆದ ಎಂಬ ಆರೋಪದ ಮೇಲೆ. ಯೂನಿಯನ್ ಕಟ್ಟಲು ಓಡಾಡುತ್ತಿದ್ದ ಕಾಲ ಅದು. ಅವನು ಹೊಡೆದಿರಲಿಲ್ಲ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಚೆಗೆ ದಿನವೂ ಅನ್ನಿಸುತ್ತಿತ್ತು. ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಿದವನು ಸಿದ್ದೇಶ್, ಪಕ್ಕದ ಲೇತಿನವನು. ಇಬ್ಬರೂ ಒಂದೇ ಸಲ ಸೇರಿದವರು, ಒಂದೇ ಡಬ್ಬಿಯಲ್ಲಿ ಕೈ ಅದ್ದಿದವರು. ಈಸ್ಟರ್ ಹಬ್ಬದ ಮಾರನೆಯ ದಿನ ಸೋಫಿಯಾ ಕಟ್ಟಿಕೊಟ್ಟ ಹಂದಿ ಮಾಂಸವನ್ನು ಸಿದ್ದೇಶ್ ಬೆರಳು ಚೀಪಿ ತಿಂದು, ನಮ್ಮನೇಲಿ ಗೊತ್ತಾದ್ರೆ ಹೊಸ್ತಿಲು ದಾಟುಸಲ್ಲ ಕಣೋ ಎಂದು ನಗುತ್ತಿದ್ದ. ಆ ಬೆರಳುಗಳಲ್ಲೇ ಸಹಿ ಹಾಕಿದ. ಈಗ ಅವನೇ ಸೂಪರ್‌ವೈಸರ್. ದಿನಕ್ಕೆ ಎಷ್ಟೋ ಸಲ ಈ ಓಣಿಯಲ್ಲಿ ಹೋಗುತ್ತಾನೆ, ಬರುತ್ತಾನೆ. ಶೂಸಿನ ಸದ್ದಿನಿಂದಲೇ ಮಾರ್ಟಿನ್‌ಗೆ ಅವನೆಂದು ತಿಳಿಯುತ್ತದೆ. ಹತ್ತಿರ ಬಂದಾಗ ಮೊಬೈಲು ತೆಗೆದು ಕಿವಿಗಿಟ್ಟುಕೊಳ್ಳುತ್ತಾನೆ. ಆ ಕಡೆ ಯಾರೂ ಇರುವುದಿಲ್ಲ.

ಗುರುವಾರ ಬೆಳಿಗ್ಗೆ ಪರ್ಸೊನಲ್ ಆಫೀಸರ್ ವಿಶ್ರುತ್ ಓಣಿಗೆ ಬಂದು ಕುರ್ಚಿಯ ಪಕ್ಕ ನಿಂತ. ವಯಸ್ಸಿನಲ್ಲಿ ಮಾರ್ಟಿನ್‌ನ ಅರ್ಧದಷ್ಟು ಇರಬಹುದಾದ, ನಯವಾಗಿ ಮಾತಾಡುವ ಹುಡುಗ.

"ಮಾರ್ಟಿನ್ ಸರ್, ಊಟ ಆದ್ಮೇಲೆ ಮೇಲ್ಗಡೆ ರೂಮಿಗೆ ಬನ್ನಿ. ನೀಲಮ್ಮನ ಮೇಲೆ ಎನ್‌ಕ್ವೈರಿ ಇದೆ. ಸೋಮವಾರ ನೀವು ಇಲ್ಲೇ ಕೂತಿದ್ರಲ್ಲ."

"ನಾನು ದಿನಾ ಇಲ್ಲೇ ಕೂತಿರ್ತೀನಿ."

ವಿಶ್ರುತ್ ಅದನ್ನು ಕೇಳಿಸಿಕೊಳ್ಳದವನಂತೆ ನಕ್ಕ. "ಕ್ಯಾಮರಾದಲ್ಲಿ ಅವಳ ಬೆನ್ನು ಮಾತ್ರ ಬಂದಿದೆ. ನೋಡಿದವರು ನೀವೊಬ್ರೇ. ಸುಳ್ಳು ಹೇಳಿ ಅಂತ ನಾನು ಯಾವತ್ತೂ ಹೇಳಲ್ಲ ಸರ್. ಸಿದ್ದೇಶ್ ಅವರ ಮೇಲೆ ಅವಳು ಚಪ್ಪಲಿ ಎತ್ತಿದ್ದು ನಿಜ ತಾನೆ?"

"ನಿಜ."

"ಅಷ್ಟು ಹೇಳಿ, ಸಾಕು." ಹೋಗಲು ತಿರುಗಿದವನು ನಿಂತು, ಜಾಲರಿಯ ಕಡೆ ನೋಡಿ, ಈಗ ತಾನೇ ನೆನಪಾಯಿತು ಎನ್ನುವ ಹಾಗೆ ಹೇಳಿದ: "ಆ ಲೇತು ಸುಮ್ನೆ ನಿಂತಿದೆ ನೋಡಿ. ಸರ್ವೀಸ್ ಮಾಡಿಸಿ ಮುಂದಿನ ವಾರದಿಂದ ನಿಮಗೇ ಕೊಡೋಣ ಅಂತ ಮಾತಾಡ್ತಿದ್ದೀವಿ."

ಆ ಮಾತು ಕಿವಿಗೆ ಬಿದ್ದೊಡನೆ ಅಂಗೈಯಲ್ಲಿ ಜುಮ್ಮೆಂದದ್ದಕ್ಕೆ ಮಾರ್ಟಿನ್‌ಗೆ ತನ್ನ ಮೇಲೇ ಅಸಹ್ಯವಾಯಿತು. ಈ ಹುಡುಗ ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ ತೋರಿಸಿದ, ಬಾಯಲ್ಲಿ ನೀರು ಬಂತು.

ಸೋಮವಾರ ನಡೆದದ್ದು ದೊಡ್ಡ ಸಂಗತಿಯೇನಲ್ಲ. ಲೇತುಗಳು ಕೆತ್ತಿ ಉದುರಿಸಿದ ಉಕ್ಕಿನ ಸಿಪ್ಪೆಯನ್ನು ಬಳಿದು ತುಂಬುವುದು ಕಾಂಟ್ರಾಕ್ಟಿನ ಹೆಂಗಸರ ಕೆಲಸ. ಸುರುಳಿ ಸುರುಳಿಯಾದ ಆ ಸಿಪ್ಪೆಯ ಅಂಚು ಬ್ಲೇಡಿನಂತೆ. ಇಲವಾಲದ ನೀಲಮ್ಮ ಅವರಲ್ಲಿ ಹಳಬಳು. ಅವಳು ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಾಗ ಕೆಂಪು ನೀರು ಹರಿಯುವುದನ್ನು ಮಾರ್ಟಿನ್ ಕುರ್ಚಿಯಿಂದ ಎಷ್ಟೋ ಸಲ ನೋಡಿದ್ದ. ಗ್ಲೌಸು ಕೇಳಿ ಕೇಳಿ ಸಾಕಾಗಿ ಹೆಂಗಸರೆಲ್ಲ ಸೇರಿ ಲೇಬರ್ ಆಫೀಸಿಗೆ ದೂರು ಕೊಟ್ಟರು. ಇಲ್ಲದಿದ್ದರೆ ಕಾಂಟ್ರಾಕ್ಟಿನವರಿಗೆ ಎನ್‌ಕ್ವೈರಿ ಎಲ್ಲಿಂದ ಬರಬೇಕು? ನಾಳೆಯಿಂದ ಬರಬೇಡ ಅಂದರೆ ಮುಗಿಯಿತು. ದೂರು ಇದ್ದದ್ದರಿಂದಲೇ ಕಂಪನಿಗೆ ಎಲ್ಲವನ್ನೂ ಕಾನೂನಿನ ಪ್ರಕಾರ ಮಾಡುವ ಭಕ್ತಿ ಹುಟ್ಟಿತ್ತು. ಸೋಮವಾರ ಅವಳು ನಲ್ಲಿಯ ಹತ್ತಿರ ಸಿದ್ದೇಶನನ್ನು ತಡೆದು, "ಸಾರ್, ಗ್ಲೌಸು ಏನಾಯ್ತು?" ಎಂದು ಕೇಳಿದಳು. ಸಿದ್ದೇಶ್ ಸುತ್ತ ನೋಡಿದ. ಯಾರೂ ಇರಲಿಲ್ಲ. ಕುರ್ಚಿಯ ಮೇಲೆ ಮಾರ್ಟಿನ್ ಇದ್ದ, ಆದರೆ ಕುರ್ಚಿಯ ಮೇಲಿದ್ದವನನ್ನು ಇದ್ದವನೆಂದು ಎಣಿಸುವುದನ್ನು ಅಲ್ಲಿ ಎಲ್ಲರೂ ಬಿಟ್ಟಿದ್ದರು. ಸಿದ್ದೇಶ್ ತಗ್ಗಿದ ದನಿಯಲ್ಲಿ ಒಂದು ಮಾತು ಅಂದ. ಅವಳ ಕೈ ಇನ್ನೂ ಏನೇನು ಹಿಡಿದಿದೆ ಎಂಬ ಬಗ್ಗೆ, ಅವಳ ಜಾತಿಯನ್ನೂ ಮೈಯನ್ನೂ ಒಂದೇ ಉಸಿರಿಗೆ ಎಳೆದು ತಂದ ಮಾತು. ನೀಲಮ್ಮ ಬಗ್ಗಿ ಚಪ್ಪಲಿ ಕೈಗೆ ತೆಗೆದುಕೊಂಡಳು. ಹೊಡೆಯಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಮಾರ್ಟಿನ್ ಕುರ್ಚಿಯ ಹಿಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಎದೆಯಲ್ಲಿ ಏನೋ ಕುಣಿಯುತ್ತಿತ್ತು. ಹೊಡಿ, ಹೊಡಿ, ನನ್ನದೂ ಒಂದು ಸೇರಿಸಿ ಹೊಡಿ ಎಂದು. ಸಿದ್ದೇಶನ ಮುಖ ಬಿಳಿಚಿಕೊಂಡದ್ದನ್ನು ಅವನು ಮೂರು ದಿನದಿಂದ ಮತ್ತೆ ಮತ್ತೆ ನೆನೆಸಿಕೊಂಡು ಸವಿದಿದ್ದ.

ಊಟದ ಹೊತ್ತಿಗೆ ಶಾಪಿನಲ್ಲಿ ಯಂತ್ರಗಳು ನಿಂತಾಗ ಅವನು ಎದ್ದು ಒಳಗೆ ಹೋದ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಕಳ್ಳನ ಹಾಗೆ ಆ ಕಡೆ ಈ ಕಡೆ ನೋಡಿಕೊಂಡೇ ಹೋದ. ಟಾರ್ಪಾಲಿನ ಕೆಳಗೆ ಕೈ ತೂರಿಸಿದ. ತಣ್ಣಗಿನ ಕಬ್ಬಿಣ. ಶಾಫ್ಟನ್ನು ಕಚ್ಚಿಹಿಡಿಯುವ ಚಕ್ಕಿನ ಹಲ್ಲುಗಳ ಮೇಲೆ ತುಕ್ಕು ಹಿಟ್ಟಿನಂತೆ ಬೆರಳಿಗೆ ಅಂಟಿತು. ಹಿಡಿ ತಿರುಗಿಸಿದ, ಅಲುಗಲಿಲ್ಲ. ಒಂದು ವಾರ ಎಣ್ಣೆ ಹಾಕಿ ಉಜ್ಜಿದರೆ ಸರಿಹೋಗುತ್ತದೆ ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು. ಚಪ್ಪಲಿ ಎತ್ತಿದ್ದು ನಿಜವೇ ಅಲ್ಲವೆ? ನಿಜ ಹೇಳಿದರೆ ಯಾರ ಗಂಟು ಹೋಗುತ್ತದೆ? ಹಿಂದಿನಿಂದ ಶೂಸಿನ ಸದ್ದು ಬಂತು. ಈ ಸಲ ಸಿದ್ದೇಶನ ಕಿವಿಯಲ್ಲಿ ಮೊಬೈಲು ಇರಲಿಲ್ಲ.

"ಮಾರ್ಟಿನ್," ಎಂದ. ಅಷ್ಟು ವರ್ಷಗಳ ಮೇಲೆ ಅವನ ಬಾಯಲ್ಲಿ ತನ್ನ ಹೆಸರು. "ಸೋಫಿಯಕ್ಕ ಚೆನ್ನಾಗವ್ರಾ?"

ಮಾರ್ಟಿನ್ ಟಾರ್ಪಾಲು ಸರಿ ಮಾಡಿದ.

"ನಂಗೂ ಹೆಂಡ್ತಿ ಮಕ್ಕಳು ಅವ್ರೆ ಕಣೋ. ಅವತ್ತು ನನ್ನ ಕೂರಿಸ್ಕೊಂಡು, ನೀನು ಹೇಳ್ತೀಯೋ ಇಲ್ಲಾ ನಿನ್ನೂ ಜೊತೇಲಿ ಕಳಿಸ್ಬೇಕೋ ಅಂದ್ರು. ನಾನೇನು ಮಾಡ್ಲಿ? ಆಗೋಯ್ತು, ಬುಡು. ಈಗ ಆ ಹೆಂಗಸು ನನ್ನ ಮೇಲೆ ಚಪ್ಪಲಿ ಎತ್ತವ್ಳೆ. ನೀನೇ ನೋಡ್ದೆ."

"ನೀನು ಏನಂದೆ ಅವಳಿಗೆ?"

"ನಾನೇನಂದೆ?" ಸಿದ್ದೇಶ್ ನಿಜವಾಗಿಯೂ ನೆನಪು ಮಾಡಿಕೊಳ್ಳುವವನ ಹಾಗೆ ಹುಬ್ಬು ಗಂಟಿಕ್ಕಿದ. "ಕೆಲಸದ ಜಾಗದಲ್ಲಿ ಒಂದು ಮಾತು ಬರುತ್ತೆ, ಹೋಗುತ್ತೆ."

ಅವನಿಗೆ ನೆನಪಿಲ್ಲ. ನೆನಪಿಲ್ಲದೆ ಇರುವುದು ನಟನೆಯೂ ಅಲ್ಲ. ಹಾಗಾದರೆ ನನ್ನ ವಿಷಯವನ್ನೂ ಇವನು ಹೀಗೇ ಮರೆತು, ಮನೆಗೆ ಹೋಗಿ ಮುದ್ದೆ ಮುರಿದು ನಿದ್ದೆ ಮಾಡಿದ್ದಾನೆ. ಮಾರ್ಟಿನ್‌ಗೆ ಕಣ್ಣು ಮಂಜಾಗುವಷ್ಟು ಸಿಟ್ಟು ಬಂತು. ಹೆಜ್ಜೆ ತಪ್ಪದ ಹಾಗೆ ನೋಡಿಕೊಂಡು ಅಲ್ಲಿಂದ ಹೊರಬಂದ.

ಮೇಲಿನ ರೂಮಿಗೆ ಹೊಸದಾಗಿ ಎ.ಸಿ. ಬಂದಿತ್ತು. ಮೇಜು ಹಳೆಯದೇ. ಅವನ ಎನ್‌ಕ್ವೈರಿಯ ದಿನ ಇದೇ ಮೇಜಿನ ಈ ತುದಿಯಲ್ಲಿ ಅವನನ್ನು ಕೂರಿಸಿದ್ದರು, ಆ ತುದಿಯಲ್ಲಿ ನಿಂತು ಸಿದ್ದೇಶ್ ಕಿಟಕಿಯ ಕಡೆ ನೋಡುತ್ತಾ ಕಂಡೆ ಎಂದಿದ್ದ. ಈಗ ಈ ತುದಿಯಲ್ಲಿ ನೀಲಮ್ಮ ಕೂತಿದ್ದಳು, ಕುರ್ಚಿಯ ಅಂಚಿನಲ್ಲಿ, ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಎಳೆದುಕೊಂಡು. ಜೊತೆಗೆ ಬಂದಿದ್ದ ಹೆಂಗಸನ್ನು ಬಾಗಿಲಿನಲ್ಲೇ ತಡೆದಿದ್ದರಂತೆ. ವಿಚಾರಣೆ ನಡೆಸುವವರು ನಿವೃತ್ತ ವಕೀಲರು, ಬಿಳಿ ಮೀಸೆಯವರು. ವಿಶ್ರುತ್, ಸಿದ್ದೇಶ್, ಕಾಂಟ್ರಾಕ್ಟರ್, ಕಂಪ್ಯೂಟರ್ ಮುಂದೆ ಟೈಪು ಮಾಡುವವನು. ಗಂಡಸರೇ ಐದು ಜನ. ಮಾರ್ಟಿನ್ ಆರನೆಯವನು.

"ಸೋಮವಾರ ಆಪಾದಿತೆ ಸೂಪರ್‌ವೈಸರ್ ಮೇಲೆ ಚಪ್ಪಲಿ ಎತ್ತಿದ್ದನ್ನು ನೀವು ಕಂಡಿರಾ?" ವಕೀಲರು ಕೇಳಿದರು.

"ಕಂಡೆ."

ಟೈಪು ಸದ್ದಾಯಿತು. "ಸರಿ, ಆಯಿತು. ಸಹಿ ಹಾಕಿ ಹೊರಡಿ."

ಅಷ್ಟೇ. ಟಾರ್ಪಾಲು ತೆಗೆಯುವುದಕ್ಕೆ ಅಷ್ಟೇ ಸಾಕಾಗಿತ್ತು. ಸಿದ್ದೇಶ್ ಉಸಿರು ಬಿಟ್ಟು ಹಿಂದಕ್ಕೆ ಒರಗಿದ್ದನ್ನು ಮಾರ್ಟಿನ್ ಕಂಡ. ಒರಗಿದ ಆ ಬೆನ್ನು, ಸಡಿಲಾದ ಆ ಭುಜ. ಅಂದೂ ಸಹಿ ಹಾಕಿದ ಮೇಲೆ ಹೀಗೇ ಒರಗಿದ್ದ.

"ಆಗಿಲ್ಲ ಸರ್. ಚಪ್ಪಲಿ ಯಾಕೆ ಎತ್ತಿದ್ರು ಅಂತ ನೀವು ಕೇಳ್ಲಿಲ್ಲ."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೇ ನನ್ನ ಇಲ್ಲಿಂದ ಹೊರಗೆ ಹಾಕಿದ್ದು! ಹೊಡೆದ್ನಾ ಅಂತ ಕೇಳಿದ್ರಿ, ಇವನು ಹೂಂ ಅಂದ. ಹೊಡೆದಾಗ ಎಲ್ಲಿದ್ದೆ, ಯಾವ ಕೈ, ಯಾವ ಕೆನ್ನೆ ಅಂತ ಯಾರಾದ್ರೂ ಕೇಳಿದ್ರಾ? ಬರ್ಕೊಳಿ ಸರ್. ಈ ಮನುಷ್ಯ ಅವರಿಗೆ ಏನಂದ ಅಂತ ನಾನು ಹೇಳ್ತೀನಿ, ಬರ್ಕೊಳಿ."

ವಿಶ್ರುತ್ ಎದ್ದು ನಿಂತು ಸರ್, ಸರ್ ಎನ್ನುತ್ತಿದ್ದ. ಅಷ್ಟರಲ್ಲಿ ಮಾರ್ಟಿನ್ ಆ ಮಾತನ್ನು ಆಡಿ ಆಗಿತ್ತು. ಒಂದಕ್ಷರ ಬಿಡದೆ, ಸಿದ್ದೇಶ್ ಅಂದ ಹಾಗೆಯೇ, ಆದರೆ ಗಟ್ಟಿಯಾಗಿ, ರೂಮಿನ ಗೋಡೆಗಳಿಗೆ ಬಡಿಯುವ ಹಾಗೆ. ಟೈಪು ಮಾಡುವವನ ಬೆರಳು ನಿಂತಿತು. ಕಾಂಟ್ರಾಕ್ಟರ್ ಕೆಮ್ಮಿದ. ಮಾರ್ಟಿನ್ ಸಿದ್ದೇಶನ ಮುಖವನ್ನೇ ನೋಡುತ್ತಿದ್ದ. ಅದು ಕೆಂಪಾಗುವುದನ್ನು, ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತಾ, ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಏನೋ ಎದ್ದು ಹೋದ ಹಾಗೆ ಹಗುರಾಗಿದ್ದ. ಇನ್ನೊಂದು ಸಲ ಹೇಳಿದ. ಎರಡನೆಯ ಸಲ ಹೇಳುವ ಅಗತ್ಯ ಇರಲಿಲ್ಲ. ನೀಲಮ್ಮನ ಕಡೆ ಅವನು ನೋಡಲೇ ಇಲ್ಲ.

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀಲಮ್ಮ, ಇವರು ಹೇಳಿದ ಮಾತನ್ನ ಸೂಪರ್‌ವೈಸರ್ ನಿಮಗೆ ಅಂದದ್ದು ಹೌದೇನಮ್ಮ?"

ನೀಲಮ್ಮ ಮೇಜಿನ ಕೆಳಗೆ ನೋಡುತ್ತಿದ್ದಳು.

"ಇಲ್ಲ ಸ್ವಾಮಿ," ಅಂದಳು. "ಅಂತ ಮಾತು ಯಾರೂ ಆಡ್ಲಿಲ್ಲ."

ಟೈಪು ಸದ್ದಾಯಿತು.

ಆಮೇಲಿನದು ಮಾರ್ಟಿನ್‌ಗೆ ಸರಿಯಾಗಿ ನೆನಪಿಲ್ಲ. ಸಹಿ ಹಾಕುವುದಿಲ್ಲ ಎಂದು ಕೂಗಾಡಿದ್ದು, ಸಾಕ್ಷಿ ದ್ವೇಷದಿಂದ ಸುಳ್ಳು ಹೇಳಿದ್ದಾನೆ ಎಂದು ವಕೀಲರು ಬೇಸರದ ದನಿಯಲ್ಲಿ ಬರೆಸಿದ್ದು, ವಿಶ್ರುತ್ ಭುಜ ಹಿಡಿದು ಹೊರಗೆ ತಂದು, "ಏನ್ ಸರ್ ನೀವು," ಎಂದು ಮರುಕದಿಂದ ಎಂಬಂತೆ ತಲೆಯಾಡಿಸಿದ್ದು. ಸುಳ್ಳುಗಾರ. ನಾನು ಸುಳ್ಳುಗಾರ. ಸುಳ್ಳು ಹೇಳಿದವನು ಸೂಪರ್‌ವೈಸರ್. ಸೈರನ್ ಕೂಗಿದ್ದೇ ಅವನು ಗೇಟು ದಾಟಿ ಹುಣಸೂರು ರಸ್ತೆಯ ಬಸ್‌ಸ್ಟಾಪಿಗೆ ಓಡುನಡಿಗೆಯಲ್ಲಿ ಹೋದ. ಇಲವಾಲದ ಬಸ್ಸಿಗೆ ಕಾಯುತ್ತಾ ನೀಲಮ್ಮ ಒಬ್ಬಳೇ ನಿಂತಿದ್ದಳು. ಕೆಲಸದಿಂದ ತೆಗೆದದ್ದಾಗಿ ಆಗಲೇ ಹೇಳಿ ಕಳಿಸಿದ್ದರು.

"ಯಾಕಮ್ಮ ಹಂಗಂದ್ರಿ? ನಿಮ್ಮ ಕೆಲಸ ಉಳೀಲಿ ಅಂತ ನಾನು ನನ್ನ ಲೇತನ್ನೂ ಬಿಟ್ಟು—"

"ನಿಮ್ಮನ್ನ ಯಾರು ಕೇಳಿದ್ರು ಮಾರ್ಟಿನಣ್ಣ?"

ದನಿ ಏರಿರಲಿಲ್ಲ. ಆದರೆ ಅವಳು ಅವನತ್ತ ತಿರುಗಿದಾಗ, ಸೋಮವಾರ ಚಪ್ಪಲಿ ಎತ್ತಿದಾಗಿನ ಮುಖವೇ ಇತ್ತು.

"ಆ ಮಾತ ನಾನು ನನ್ ಗಂಡನ ಮುಂದೂ ಆಡಿರ್ಲಿಲ್ಲ. ಮೂರು ದಿನ ನುಂಗ್ಕೊಂಡು ಕುಂತಿದ್ದೆ. ಅವನು ಅಂದಾಗ ನಂಗೊಬ್ಳಿಗೆ ಕೇಳಿಸ್ತು. ನೀವು ಅಷ್ಟು ಜನ ಗಂಡಸ್ರ ಮುಂದೆ ಅಂದ್ರಿ. ಒಂದ್ಸಲ ಅಲ್ಲ, ಎಲ್ಡು ಸಲ. ನಾಳೆ ಆ ಟೈಪ್ ಮಾಡೋನು ಟೀ ಅಂಗಡೀಲಿ ಅದನ್ನೇ ಹೇಳ್ಕೊಂಡು ನಗ್ತಾನೆ."

"ಬರೆಸದೆ ಹೋದ್ರೆ ನ್ಯಾಯ ಎಂಗೆ—"

"ನ್ಯಾಯಕ್ಕೆ ಅಂದ್ರಾ ನೀವು? ಸಿದ್ದೇಶಪ್ಪನ ಮೇಲೆ ನಿಮಗೆ ಹಳೇ ಸಿಟ್ಟಿತ್ತು. ತೀರಿಸ್ಕೊಳ್ಳೋಕೆ ನನ್ ಮಾನ ಸಿಕ್ತು. ನಾನು ನೋಡ್ತಿದ್ದೆ ಕಣಣ್ಣ. ನೀವು ಅವನ ಮುಖಾನೇ ನೋಡ್ತಿದ್ರಿ. ಒಂದ್ಸಲಾನಾದ್ರೂ ನನ್ನ ಕಡೆ ನೋಡಿದ್ರಾ?" ಬಸ್ಸು ದೂರದಲ್ಲಿ ಕಂಡಿತು. ಅವಳು ರಸ್ತೆಗಿಳಿದು ಕೈ ಅಡ್ಡ ಹಿಡಿದಳು. ಅಂಗೈಯಲ್ಲಿ ಗೀರುಗಳು. "ಸೋಮವಾರ ಅಷ್ಟು ಹತ್ರ ಕುಂತಿದ್ರಿ. ಏನೂ ಮಾತಾಡ್ಬೇಕಿರ್ಲಿಲ್ಲ. ಎದ್ದು ಬಂದು ನನ್ ಪಕ್ಕ ನಿಂತಿದ್ರೆ ಆಗಿತ್ತು. ಅವತ್ತು ಏಳ್ಲಿಲ್ಲ."

ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು. ಮಾರ್ಟಿನ್ ತನ್ನ ಬಸ್ಸು ಬಂದರೂ ಹತ್ತಲಿಲ್ಲ. ಹೆದ್ದಾರಿಯ ಅಂಚಿನಲ್ಲಿ ಪೇಟೆಯ ಕಡೆಗೆ ನಡೆದ. ಕೃತಘ್ನ ಹೆಂಗಸು ಎಂದು ಬಾಯಿಬಿಟ್ಟು ಬೈದ. ಓದು ಬರಹ ಇಲ್ಲದವರು, ಇವರಿಗೆ ಹೋರಾಟ ಎಂದರೆ ಏನು ಗೊತ್ತು ಎಂದ. ಹಾಗೆ ಅಂದವನು ಬೆಚ್ಚಿಬಿದ್ದ. ಈ ಮಾತನ್ನೇ ಹಿಂದೆ, ಯೂನಿಯನ್ ಕಟ್ಟುವಾಗ, ಕಂಪನಿಯ ಮ್ಯಾನೇಜರು ಅವನಿಗೆ ಅಂದಿದ್ದ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಕಾಲಿಗೆ ಸಿಕ್ಕ ಕಲ್ಲನ್ನು ಒದ್ದ, ಹೆಬ್ಬೆರಳು ಜಜ್ಜಿತು, ಅದಕ್ಕೂ ಬೈದ. ಎರಡನೆಯ ಸಲ ಯಾಕೆ ಹೇಳಿದೆ? ಮೊದಲನೆಯದಕ್ಕೆ ಏನಾದರೂ ಸಮಜಾಯಿಷಿ ಸಿಗಬಹುದು. ಎರಡನೆಯದು? ಬಾಯಿಗೆ ರುಚಿ ಹತ್ತಿತ್ತು. ಮನೆ ಸೇರಿದಾಗ ಸೋಫಿಯಾ ಕಾಲು ನೋಡಿ ಏನಾಯ್ತು ಎಂದಳು. "ಎಡವಿದೆ," ಎಂದ. ಅವಳು ನೀರು ಕಾಯಿಸಿ ತಂದಿಟ್ಟಳು. ಆ ಮಾತು ಏನೆಂದು ಅವಳಿಗೆ ಹೇಳಬಲ್ಲೆನೇ ಎಂದು ಯೋಚಿಸಿದ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ಹೆಂಡತಿಯ ಬಗ್ಗಿದ ತಲೆಯನ್ನು ನೋಡುತ್ತಾ, ಈ ಮನೆಯೊಳಗೆ ಅದನ್ನು ಉಸುರಲೂ ಸಾಧ್ಯವಿಲ್ಲವೆಂದು ಅವನಿಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಕಾಂಟ್ರಾಕ್ಟಿನ ಹೆಂಗಸರೆಲ್ಲ ನಿಂತಿದ್ದರು. ಘೋಷಣೆ ಇಲ್ಲ, ಬ್ಯಾನರಿಲ್ಲ. ಕೆಲಸಕ್ಕೆ ಬಂದ ಬಟ್ಟೆಯಲ್ಲೇ, ಬುತ್ತಿಯ ಚೀಲ ಹಿಡಿದುಕೊಂಡು, ಒಳಗೆ ಹೋಗದೆ ಸುಮ್ಮನೆ ನಿಂತಿದ್ದರು. ನಡುವೆ ನೀಲಮ್ಮ. ವಿಶ್ರುತ್ ಮೊಬೈಲಿನಲ್ಲಿ ಯಾರಿಗೋ ವಿವರಿಸುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದ. ಮಾರ್ಟಿನ್‌ನನ್ನು ಕಂಡು, "ನೀವು ಒಳಗೆ ಬನ್ನಿ ಸರ್, ಡ್ಯೂಟಿ ಟೈಮಾಯ್ತು," ಎಂದ. ಸೆಕ್ಯೂರಿಟಿಯವನು ಚಿಕ್ಕ ಬಾಗಿಲು ತೆರೆದು ಹಿಡಿದ. ಮಾರ್ಟಿನ್ ಬಾಗಿಲನ್ನು ನೋಡಿದ, ಕುಂಟುತ್ತಾ ಹೆಂಗಸರ ಕಡೆ ನಡೆದ. ಅವರಲ್ಲಿ ಯಾರೂ ಬನ್ನಿ ಅನ್ನಲಿಲ್ಲ. ಯಾರೂ ಜಾಗ ಬಿಡಲಿಲ್ಲ. ಸಾಲಿನ ಕೊನೆಯಲ್ಲಿ, ಚರಂಡಿಯ ಕಲ್ಲಿನ ಮೇಲೆ ನಿಂತುಕೊಂಡ. ನೀಲಮ್ಮ ಅವನನ್ನು ಒಮ್ಮೆ ನೋಡಿ ರಸ್ತೆಯ ಕಡೆ ತಿರುಗಿದಳು.

ಸಿದ್ದೇಶನ ಬೈಕು ಬಂತು. ಹೆಂಗಸರು ದಾರಿ ಬಿಡಲಿಲ್ಲ. ಅವನು ಹಾರ್ನ್ ಮಾಡಿದ, ಮತ್ತೆ ಮಾಡಿದ. ನೀಲಮ್ಮ ಹೋಗಿ ಮುಂದಿನ ಚಕ್ರಕ್ಕೆ ಎದುರಾಗಿ ನಿಂತಳು.

"ಸೋಮವಾರ ನನಗೆ ಏನಂದ್ರಿ ಸಾರ್?"

"ದಾರಿ ಬುಡಮ್ಮ."

"ನೆನ್ನೆ ಮೇಲೆ ಕುಂತಾಗ ನಾನು ಸುಳ್ಳು ಹೇಳ್ದೆ. ಬೇರೆ ಗಂಡಸಿನ ಬಾಯಲ್ಲಿ ಅದ ಕೇಳಿ ನಾಚ್ಕೆ ಆಯ್ತು, ಅದಕ್ಕೆ ಇಲ್ಲ ಅಂದೆ. ನಾಚ್ಕೆ ನಂಗ್ಯಾಕೆ ಆಗ್ಬೇಕು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ." ಅವಳು ಹ್ಯಾಂಡಲ್ ಹಿಡಿದಳು. "ಅಂದದ್ದು ನೀವು. ನೀವೇ ಇನ್ನೊಂದ್ಸಲ ಅನ್ನಿ. ಇವರೆಲ್ಲ ಕೇಳ್ಲಿ. ಗಟ್ಟಿಯಾಗಿ ಅನ್ನಿ."

ಪಾಳಿಗೆ ಬಂದ ಖಾಕಿ ಅಂಗಿಯವರು ಒಬ್ಬೊಬ್ಬರಾಗಿ ನಿಲ್ಲತೊಡಗಿದ್ದರು. ಸಿದ್ದೇಶ್ ಸುತ್ತ ನೋಡಿದ. ಸುತ್ತಲೂ ಜನ. ಅವನ ಕಣ್ಣು ಸಾಲಿನ ಕೊನೆಯಲ್ಲಿ ಮಾರ್ಟಿನ್‌ನ ಮೇಲೆ ಬಂದು ನಿಂತಿತು. ಆ ನೋಟದಲ್ಲಿ ಯಾಚನೆಯೇ ಇತ್ತು: ನೀನೇ ಹೇಳಿಬಿಡು, ನಿನ್ನೆಯ ಹಾಗೆ ಕೂಗಾಡು, ಇದನ್ನು ನಮ್ಮಿಬ್ಬರ ಹಳೆಯ ಜಗಳ ಮಾಡಿಬಿಡು. ಮಾತು ಮಾರ್ಟಿನ್‌ನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಹಲ್ಲು ಕಚ್ಚಿ, ದವಡೆ ನೋಯುವ ಹಾಗೆ ಕಚ್ಚಿ, ಬಾಯಿ ಮುಚ್ಚಿಕೊಂಡು ನಿಂತ. ಸಿದ್ದೇಶನನ್ನು ಬಿಟ್ಟು ನೀಲಮ್ಮನ ಕಡೆ ನೋಡಿದ.

ಅವಳು ಹ್ಯಾಂಡಲ್ ಬಿಟ್ಟಿರಲಿಲ್ಲ. ಕಾಯುತ್ತಿದ್ದಳು.

ಸಿದ್ದೇಶ್ ಬೈಕಿನ ಎಂಜಿನ್ ಆರಿಸಿದ.